ಬಕ್ಕಪ್ಪ ಬಿಷಪ್ಪರೂ ಕಂಬಳಿಯ ಮೇಲಿನ ಮಾತೂ

ಕಮಿಟಿಯವರು ನನಗೆ ಎರಡು ಪುಟ ಮಂಜೂರು ಮಾಡಿದ್ದಾರೆ. ಬಿಷಪ್ ಥಿಯೋಫಿಲಸ್ ಬಕ್ಕಪ್ಪನವರು ಹುಟ್ಟಿ ಬರುವ ಡಿಸೆಂಬರಿಗೆ ನೂರು ವರ್ಷವಾಗುತ್ತದೆ. ಅದಕ್ಕೊಂದು ಸ್ಮರಣ ಸಂಚಿಕೆ, ಸಂಚಿಕೆಗೊಂದು ಕಮಿಟಿ. ಅದರಲ್ಲಿ 'ಬಿಷಪ್ಪರ ಜೀವನ ಮತ್ತು ಸೇವೆ' ಎಂಬ ಲೇಖನವನ್ನು ಪೌಲ್ ನರಸಿಂಗ, ಅಂದರೆ ನಾನು, ಬರೆಯಬೇಕಂತೆ. ನಾನು ಒಳ್ಳೆಯ ಬರಹಗಾರ ಎಂದಲ್ಲ. ಅವರ ಕಾರ್ಯದರ್ಶಿಗಳಾಗಿದ್ದವರಲ್ಲಿ ಇನ್ನೂ ಉಸಿರಾಡುತ್ತಿರುವವನು ನಾನೊಬ್ಬನೇ.

ನೌಬಾದದ ನನ್ನ ಮನೆಗೆ ಬಂದು ಅವರು ಒಂದು ಚೀಟಿ ಕೊಟ್ಟು ಹೋದರು. ಹುಟ್ಟಿದ ಊರು, ಓದಿದ ಊರು, ಕಟ್ಟಿಸಿದ ಶಾಲೆ, ತೋಡಿಸಿದ ಬಾವಿ, ಕೊನೆಗೆ 'ಒಂದು ಪ್ರೇರಣಾದಾಯಕ ಘಟನೆ'. ಮೊದಲಿನದೆಲ್ಲ ಅರ್ಧ ಪುಟದಲ್ಲಿ ಮುಗಿಯಿತು. ಔರಾದದ ಕುರುಬರ ಓಣಿಯಲ್ಲಿ ಬೆಳೆದರು, ಬೀದರಿನ ಮಿಶನ್ ಶಾಲೆಯಲ್ಲಿ ಓದಿದರು, ಕಲಕತ್ತೆಯಲ್ಲಿ ದೇವಶಾಸ್ತ್ರ ಕಲಿತರು, ಎರಡು ಸಲ ಹಡಗು ಹತ್ತಿ ವಿಲಾಯತಿಗೆ ಹೋಗಿಬಂದರು. ಸಾವಿರದ ಒಂಬೈನೂರ ನಲವತ್ತಾರರಲ್ಲಿ ಆಂಗ್ಲಿಕನ್ ಸಭೆಯವರು ಅವರನ್ನು ಬಿಷಪ್ ಮಾಡಿದರು. ಮರುವರ್ಷ ದಕ್ಷಿಣದ ಹಲವು ಸಭೆಗಳು ಒಂದಾಗಿ ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಒಳಗೆ ಕೂತ ಬಿಷಪ್ಪರು ಬದಲಾಗಲಿಲ್ಲ. ಬೀದರಿನಲ್ಲಿ ಮೆಥೋಡಿಸ್ಟರದ್ದು ದೊಡ್ಡ ಕಾರುಬಾರು, ನಮ್ಮದು ಸಣ್ಣ ಸಭೆ. ಆದರೂ ನಮ್ಮ ಬಿಷಪ್ಪರು ನಡೆದುಹೋದರೆ ಮೆಥೋಡಿಸ್ಟರೂ ಎದ್ದು ನಿಲ್ಲುತ್ತಿದ್ದರು. ಆರಡಿ ಎತ್ತರ, ಗುಡುಗಿನಂಥ ದನಿ. 'ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಬಲ್ಲನು' ಎಂಬ ಬೈಬಲ್ ವಾಕ್ಯದ ಮೇಲಿನ ಪ್ರಸಂಗವನ್ನು ನಾನೇ ಅವರ ಬಾಯಿಂದ ನೂರು ಸಲ ಕೇಳಿದ್ದೇನೆ.

ಘಟನೆ ಬರೆಯಲು ಕೂತ ಮೇಲೆ ಎರಡು ಪುಟದ ಲೆಕ್ಕ ತಪ್ಪಿತು. ತಪ್ಪಲಿ. ಈ ವಯಸ್ಸಿನಲ್ಲಿ ನಾನು ಕಮಿಟಿಗೆ ಹೆದರುವುದಿಲ್ಲ.

ಇಷ್ಟು ದೊಡ್ಡ ಮನುಷ್ಯನನ್ನು ಲೆಕ್ಕಕ್ಕೇ ಹಿಡಿಯದವರು ಲೋಕದಲ್ಲಿ ಒಬ್ಬರಿದ್ದರು. ಅವರ ತಾಯಿ ಅಂಜನಾಬಾಯಿ.

ಬಕ್ಕಪ್ಪ ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಪಾದ್ರಿಯಾಗಲು ಹೊರಟುಹೋದಾಗ ಅಂಜನಾಬಾಯಿಗೆ ಸಿಟ್ಟು ಬಂದದ್ದು ಹೊಸ ದೇವರ ಮೇಲಲ್ಲ. ಅದು ಕುರಿಗಳು ಮರಿ ಹಾಕುವ ತಿಂಗಳು. ನೂರಿಪ್ಪತ್ತು ಕುರಿ, ದಿನಕ್ಕೆ ಎಂಟೋ ಹತ್ತೋ ಮರಿ ಬೀಳುತ್ತಿದ್ದವು. ಗಂಡ ಸತ್ತು ಎರಡು ವರ್ಷವಾಗಿತ್ತು, ಕಿರಿಯ ಮಗ ಧೊಂಡಿಬಾ ಇನ್ನೂ ಚಿಕ್ಕವನು. ಅಂಥ ಹೊತ್ತಿನಲ್ಲಿ ಹಿರಿಮಗ ಪೆಟ್ಟಿಗೆ ಹೊತ್ತು ರೈಲು ಹತ್ತಿದ. ಆಕೆ ಓಣಿಯಲ್ಲಿ ನಿಂತು ಅಂದ ಮಾತನ್ನು ಬಿಷಪ್ಪರೇ ನನಗೆ ಹೇಳಿದ್ದಾರೆ.

"ದೇವರು ಯಾವದರೆ ಹಿಡಕೋಲಿ, ನನಗೇನದ? ಖರೇ ಮರಿ ಹಾಕೋ ತಿಂಗಳದಾಗ ಯಾವ ದೇವರು ಕರದರೂ 'ಸ್ವಲ್ಪ ತಡಿಯಪಾ' ಅನ್ನಬೇಕು. ಇಷ್ಟೂ ತಿಳೀದವ ಎಂಥ ಕುರುಬ?"

ಬೈದು ಸುಮ್ಮನಾಗಿದ್ದರೆ ಆಗುತ್ತಿತ್ತು. ಆಕೆ ಕಂಬಳಿ ಹಾಸಿಸಿದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಕುರುಬರಲ್ಲಿ ಕಂಬಳಿಯ ಮೇಲೆ ಕೂತು, ಮೈಲಾರ ಮಲ್ಲಣ್ಣನ ಭಂಡಾರ, ಅಂದರೆ ಅರಿಸಿನದ ಪುಡಿ, ಅಂಗೈಯಲ್ಲಿ ಹಿಡಿದು, ಹಿರಿಯರ ಎದುರು ಆಡಿದ ಮಾತಿಗೆ ಮೇಲ್ಮನವಿ ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳುವವನು ಕೂಡ ಕಂಬಳಿಯ ಮೇಲೆ ಕೂತರೆ ಬೆವರುತ್ತಾನೆ. ಅಲ್ಲಿ ಒಬ್ಬರು ಆಡಿದ ಮಾತು ಇಡೀ ಓಣಿಯನ್ನು ಕಟ್ಟುತ್ತದೆ. ಅದಕ್ಕೆ ವಿರುದ್ಧವಾಗಿ ಯಾರೂ ತುಟಿ ಬಿಚ್ಚುವಂತಿಲ್ಲ. ಅಂಜನಾಬಾಯಿ ಆ ಕಂಬಳಿಯ ಮೇಲೆ ಕೂತು ಭಂಡಾರ ಹಿಡಿದು ಹೇಳಿದಳು: "ನನಗ ಒಬ್ಬನೇ ಮಗ. ಧೊಂಡಿಬಾ."

ಆ ದಿನದಿಂದ ಔರಾದದ ಕುರುಬರ ಓಣಿಯಲ್ಲಿ ಬಕ್ಕಪ್ಪ ಎಂಬ ಮನುಷ್ಯ ಇಲ್ಲ. ಅವರು ವರ್ಷಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರು, ಎಲ್ಲರೂ ನೋಡುತ್ತಿದ್ದರು, ಆದರೂ ಇಲ್ಲ. ನಾನು ಒಮ್ಮೆ ಅವರ ಸಂಗಡ ಹೋಗಿದ್ದೆ. ಅಂಜನಾಬಾಯಿ ಉಣ್ಣೆ ನೂಲುತ್ತಾ ಕೂತಿದ್ದಳು. ತಲೆ ಎತ್ತದೆ, "ಧೊಂಡಿಬಾ, ಬಂದವರಿಗಿ ನೀರ್ ಕೊಡು," ಅಂದಳು. ಬಂದವರು! ಹೊತ್ತು ಹೋದ ಮೇಲೆ ಬಾಗಿಲಲ್ಲಿ ಮಲಗಿದ್ದ ನಾಯಿಯ ಕಡೆ ತಿರುಗಿ, "ಬಂದವರು ಸೊರಗ್ಯಾರ. ಊರೂರು ತಿರಗೋರಿಗಿ ಹೊಟ್ಟಿ ಕಡಿ ಲಕ್ಷ್ಯ ಎಲ್ಲಿರ್ತದ?" ಎಂದು ಕೇಳಿದಳು. ಆ ನಾಯಿಗೆ ಈ ಸಂಭಾಷಣೆ ರೂಢಿಯಾಗಿದ್ದಿರಬೇಕು, ಬಾಲ ಆಡಿಸಿತು. ಬೈದಿದ್ದರೆ ಬಿಷಪ್ಪರು ತಡೆದುಕೊಳ್ಳುತ್ತಿದ್ದರು. ಅತಿಥಿಯ ಮರ್ಯಾದೆಯನ್ನು ತಡೆದುಕೊಳ್ಳುವುದು ಅವರಿಗೆ ಕಷ್ಟವಾಗುತ್ತಿತ್ತು.

ಇನ್ನು ನಲವತ್ತೆಂಟರ ಸೆಪ್ಟೆಂಬರು.

ಹನ್ನೆರಡನೆಯ ತಾರೀಖು ಭಾನುವಾರ ಭಾಲ್ಕಿಯಲ್ಲಿ ಸ್ಥಿರೀಕರಣದ ಆರಾಧನೆ ಇತ್ತು. ಬಿಷಪ್ಪರು ಹದಿನಾಲ್ಕು ಜನರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮರುದಿನ ನಸುಕಿಗೆ ಇಂಡಿಯಾದ ಫೌಜು ನಿಜಾಮರ ಸರಹದ್ದು ದಾಟಿತು. ರೈಲು ನಿಂತಿತು, ತಾರು ನಿಂತಿತು. ಭಾಲ್ಕಿಯ ಬಜಾರಿನಲ್ಲಿ ಬಾಗಿಲು ತೆರೆದಿದ್ದು ಒಂದೇ ಅಂಗಡಿ, ಅದು ದರ್ಜಿಯದು. ನಿಜಾಮಶಾಹಿಯ ರೂಮಿ ಟೊಪ್ಪಿಗೆ ಹಾಕುತ್ತಿದ್ದವರೆಲ್ಲ ಗಾಂಧಿ ಟೊಪ್ಪಿಗೆ ಹೊಲಿಸಲು ಅಲ್ಲಿ ಸಾಲು ನಿಂತಿದ್ದರು. ಐದೇ ದಿನದಲ್ಲಿ ಹೈದರಾಬಾದು ಶರಣಾಯಿತು.

ಆ ದಿನಗಳಲ್ಲಿ ನಡೆದದ್ದೆಲ್ಲ ನಗುವ ಸಂಗತಿಯಲ್ಲ. ಮೊದಲು ನಿಜಾಮರ ಪಕ್ಷದ ರಜಾಕಾರರು ಊರುಗಳನ್ನು ಅಳಿಸಿದರು. ಅವರು ಓಡಿಹೋದ ಮೇಲೆ, ಅವರ ಪಾಪಕ್ಕೂ ತಮಗೂ ಸಂಬಂಧವಿಲ್ಲದ ಬಡ ಮುಸಲ್ಮಾನರು ಅದರ ಸುಂಕ ತೆತ್ತರು. ಅದನ್ನು ಬರೆಯುವ ಶಕ್ತಿ ನನಗಿಲ್ಲ. ಬರೆಯಲು ಆಗುವುದನ್ನಷ್ಟೇ ಬರೆಯುತ್ತೇನೆ.

ಇಪ್ಪತ್ತನೆಯ ತಾರೀಖು ಬಿಷಪ್ಪರು, "ನರಸಿಂಗ, ಗಾಡಿ ಹೇಳು. ಔರಾದಕ್ಕ ಹೋಗೋಣು. ಸಾಲಿಗಿ ಜಾಗ ನೋಡಬೇಕಾಗ್ಯಾದ," ಅಂದರು.

ತೋಪಿನ ಹೊಗೆ ಇನ್ನೂ ಆರಿಲ್ಲ, ಇವರಿಗೆ ಶಾಲೆಯ ಜಾಗ! ತಾಯಿ ಬದುಕಿದ್ದಾಳೋ ಇಲ್ಲವೋ ನೋಡಬೇಕು ಎಂದು ನೇರವಾಗಿ ಹೇಳಿದ್ದರೆ ನನಗೇನು ಅರ್ಥವಾಗುತ್ತಿರಲಿಲ್ಲವೇ? ಬಿಷಪ್ಪರಿಗೂ ಅಭಿಮಾನ ಎಂಬುದೊಂದು ಇರುತ್ತದೆ.

ಗಾಡಿ ಹೂಡಲು ಯಾರೂ ಸಿದ್ಧರಿರಲಿಲ್ಲ. ಒಪ್ಪಿದವನು ಹುಸೇನ ಒಬ್ಬನೇ. ಅವನು ಸ್ಟೇಶನ್ನಿನಿಂದ ಗಾಡಿಯಲ್ಲಿ ಮೂಟೆ ಸಾಗಿಸುವ ಮುದುಕ. ಊರಲ್ಲಿ ಇರುವುದಕ್ಕಿಂತ ಬಿಷಪ್ಪರ ಪಕ್ಕದಲ್ಲಿ ಇರುವುದು ಮೇಲು ಎಂದು ಅವನು ಲೆಕ್ಕ ಹಾಕಿದ್ದ. ಬಿಷಪ್ಪರೂ ಅದನ್ನು ತಿಳಿದೇ ಅವನನ್ನು ಕರೆದದ್ದು. "ನೀ ನನ್ನ ಕೂಡ ಇರಬೇಕು. ನಾ ಎಲ್ಲಿ, ನೀ ಅಲ್ಲಿ," ಅಂದರು. ಅವನು ಆ ಮಾತನ್ನು ಅಕ್ಷರಶಃ ಪಾಲಿಸಿ, ದಾರಿಯಲ್ಲಿ ಬಿಷಪ್ಪರು ಬಹಿರ್ದೆಸೆಗೆ ಹೋದರೂ ಹತ್ತು ಹೆಜ್ಜೆ ಹಿಂದೆ ನಿಂತಿರುತ್ತಿದ್ದ.

ಮಾಂಜ್ರಾ ಹೊಳೆಯಲ್ಲಿ ನಮ್ಮ ಗ್ರಹಚಾರ ಕೆಟ್ಟಿತು. ನಡುನೀರಿನಲ್ಲಿ ಗಾಡಿ ವಾಲಿ, ಬಿಷಪ್ಪರು, ನಾನು, ಹಾಸಿಗೆ, ದಿನದ ಬಟ್ಟೆಯ ಗಂಟು, ಎಲ್ಲವೂ ತೊಯ್ದುಹೋದವು. ತೊಯ್ಯದೆ ಉಳಿದದ್ದು ಆರಾಧನೆಯ ಉಡುಪೂ ಕಾಗದಪತ್ರವೂ ಇದ್ದ ತಗಡಿನ ಪೆಟ್ಟಿಗೆ ಒಂದೇ. ಹಾಗಾಗಿ ಬಿಷಪ್ಪರು ನೇರಳೆ ಬಣ್ಣದ ನಿಲುವಂಗಿ, ಅದರ ಮೇಲೆ ತೋಳಿನಲ್ಲಿ ಬುರುಬುರು ಉಬ್ಬಿದ ಬಿಳಿಯ ಅಂಗಿ, ತಲೆಗೆ ನೇರಳೆ ಟೊಪ್ಪಿಗೆ ಹಾಕಿಕೊಂಡರು. ಕೊರಳಲ್ಲಿ ಶಿಲುಬೆ, ಬೆರಳಲ್ಲಿ ಕೆಂಪು ಹರಳಿನ ಉಂಗುರ. ಬೆಳ್ಳಿಯ ಕೊಕ್ಕೆಯ ಬಿಷಪ್ ಕೋಲು ಪೆಟ್ಟಿಗೆಯಲ್ಲಿ ಹಿಡಿಸದೆ ಗಾಡಿಯ ಗೂಟಕ್ಕೆ ಕಟ್ಟಿತ್ತು. ನಾನು ಗಾಯನ ಮಂಡಳಿಯ ಬಿಳಿ ಅಂಗಿ ತೊಟ್ಟೆ. ಹುಸೇನನಿಗೂ ಅಂಥದೇ ಒಂದು ಕೊಟ್ಟೆವು. ಮರುದಿನ ಹತ್ತು ಗಂಟೆಯ ಸುಮಾರಿಗೆ, ತೊಗರಿ ಹೊಲಗಳ ನಡುವೆ, ಜೋಡೆತ್ತಿನ ಗಾಡಿಯಲ್ಲಿ ನಾವು ಮೂವರು ಈ ವೇಷದಲ್ಲಿ ಔರಾದ ತಲುಪಿದೆವು.

ಊರ ಹೊರಗೆ ನಿಜಾಮರ ಕಾಲದ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಈಗ ಅಲ್ಲಿ ಫೌಜು ಕೂತಿತ್ತು. ಒಬ್ಬ ದೊಡ್ಡ ರಜಾಕಾರ ಸರದಾರ ವೇಷ ಮರೆಸಿಕೊಂಡು ಈ ಹಾದಿಯಲ್ಲಿ ಓಡಿಹೋಗುತ್ತಿದ್ದಾನೆ ಎಂದು ಅವರಿಗೆ ಅಂದೇ ಸುದ್ದಿ ಬಂದಿತ್ತು. ನಮ್ಮನ್ನು ಕಂಡ ಕೂಡಲೇ ಸಿಪಾಯಿಗಳ ಮುಖ ಅರಳಿತು.

ಕ್ಯಾಪ್ಟನ್ ಕೊಲ್ಹಾಪುರದ ಕಡೆಯವನು, ನನ್ನದೇ ವಯಸ್ಸು. ಒಂದು ವಾರ ಸರಿಯಾಗಿ ಮಲಗಿರಲಿಲ್ಲ, ಕಣ್ಣು ಕೆಂಡವಾಗಿದ್ದವು. ಮರಾಠಿಯಲ್ಲಿ ಕೇಳಿದ, ನಮ್ಮ ಕಡೆ ಎಲ್ಲರಿಗೂ ಮರಾಠಿ ಬರುತ್ತದೆ.

"ಯಾರು ನೀವು?"

"ನಾನು ಬಿಷಪ್."

"ಬಿಷಪ್ಪರು ಬಿಳಿಯರಿರುತ್ತಾರೆ."

"ಇದ್ದರು. ಈಗ ಕೆಲವು ಕಡೆ ನಾವೂ ಇದ್ದೇವೆ."

ಕ್ಯಾಪ್ಟನ್ ಕಾಗದಪತ್ರ ಕೇಳಿದ. ನಾನು ಕೊಟ್ಟೆ. ಹತ್ತರಲ್ಲಿ ಒಂಬತ್ತು ಉರ್ದುವಿನಲ್ಲಿ, ಪ್ರತಿಯೊಂದರ ಮೇಲೂ ನಿಜಾಮ ಸರ್ಕಾರದ ಮೊಹರು. ಚರ್ಚಿನ ಗೋಡೆ ಕಟ್ಟಲು ಪರವಾನಗಿ, ಗಂಟೆ ಬಾರಿಸಲು ಪರವಾನಗಿ. ಅವನ ಹುಬ್ಬು ಮೇಲೇರಿತು. ಹತ್ತನೆಯದು ಇಂಗ್ಲಿಷಿನ ಪತ್ರ, ಬಿಷಪ್ಪರೇ ಬರೆದದ್ದು. ಅದನ್ನು ಕೊಟ್ಟು ನಾನು ನಿಟ್ಟುಸಿರು ಬಿಟ್ಟೆ. ಅದೇ ನಮ್ಮ ಕೊರಳಿಗೆ ಬಂತು.

ಆಂಗ್ಲಿಕನ್ ಬಿಷಪ್ಪರದ್ದೊಂದು ಪದ್ಧತಿ. ಸಹಿ ಹಾಕುವಾಗ ತಂದೆಯ ಹೆಸರು, ಮನೆತನದ ಹೆಸರು ಬಿಟ್ಟು ತಮ್ಮ ಪ್ರಾಂತದ ಹೆಸರು ಬರೆಯುತ್ತಾರೆ. ನಮ್ಮವರ ಸಹಿ ಇದ್ದದ್ದು 'ಥಿಯೋಫಿಲಸ್ ಹೈದರಾಬಾದ್' ಎಂದು.

ಕ್ಯಾಪ್ಟನ್ ಅದನ್ನು ಮೂರು ಸಲ ಓದಿದ. "ಹೈದರಾಬಾದ್? ಇಡೀ ಹೈದರಾಬಾದೇ ನೀವು? ಸ್ವತಃ ನಿಜಾಮ ಕೂಡ ಹೀಗೆ ಸಹಿ ಹಾಕಲಾರ!"

ನಾನು ಪದ್ಧತಿಯನ್ನು ವಿವರಿಸಲು ಹೋದೆ. ಹದಿನೇಳನೆಯ ತಾರೀಖು ಶರಣಾದ ರಾಜ್ಯದ ಹೆಸರನ್ನು ಇಪ್ಪತ್ತೊಂದನೆಯ ತಾರೀಖು ಅಡ್ಡಹೆಸರಾಗಿ ಇಟ್ಟುಕೊಂಡವನ ಪರವಾಗಿ ವಾದಿಸುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಸಾಲದ್ದಕ್ಕೆ ಬಿಷಪ್ಪರು ಹುಸೇನನಿಗೆ ಧೈರ್ಯ ಹೇಳಲು ಸೊಗಸಾದ ಉರ್ದುವಿನಲ್ಲಿ ಮಾತಾಡಿದರು. ಹಾವಲ್ದಾರ ಕ್ಯಾಪ್ಟನ್ನನ ಕಿವಿಯಲ್ಲಿ ಏನೋ ಉಸುರಿದ.

"ನಾಲ್ಕು ಗಂಟೆಗೆ ಟ್ರಕ್ಕು ಬೀದರಿಗೆ ಹೋಗುತ್ತದೆ," ಅಂದ ಕ್ಯಾಪ್ಟನ್. "ಅಲ್ಲಿ ಸೆರೆ ಹಿಡಿದವರ ಛಾವಣಿ ಇದೆ. ವಿಚಾರಣೆಗೆ ಮೂರು ತಿಂಗಳಾಗುತ್ತದೋ ಆರು ತಿಂಗಳೋ, ನನಗೆ ಗೊತ್ತಿಲ್ಲ. ಗಾಡಿಯವನನ್ನು ಬೇಕಾದರೆ ಇಲ್ಲೇ ಬಿಟ್ಟುಬಿಡುತ್ತೇನೆ."

ನಾಕಾದ ಆಚೆ ಬಡಿಗೆ ಹಿಡಿದ ಹತ್ತು ಹನ್ನೆರಡು ಜನ ನಿಂತಿದ್ದರು. ಹುಸೇನ ಅವರನ್ನು ನೋಡಿದ. ಬಿಷಪ್ಪರೂ ನೋಡಿದರು.

"ಬಿಡಬೇಡಿ," ಅಂದರು ಬಿಷಪ್ಪರು. "ಛಾವಣಿಯಾದರೆ ಛಾವಣಿ. ಅವನು ನನ್ನ ಜೊತೆ ಬರುತ್ತಾನೆ."

"ಈ ಊರಲ್ಲಿ ನಿಮ್ಮ ಗುರುತಿನವರು ಒಬ್ಬರೂ ಇಲ್ಲವೇ?"

ನಾನು ಬಿಷಪ್ಪರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅರ್ಧ ಮೈಲು ದೂರದಲ್ಲಿ ಹೆತ್ತ ತಾಯಿ ಇದ್ದಾಳೆ, ಇವರು ಇಲ್ಲ ಎನ್ನುವಂತೆ ನಿಂತಿದ್ದಾರೆ! ನನ್ನ ತಲೆ ಕೆಟ್ಟುಹೋಯಿತು.

"ಇದ್ದಾರೆ! ಇವರ ತಾಯಿಯೇ ಇದ್ದಾರೆ! ಕುರುಬರ ಓಣಿಯಲ್ಲಿ, ಅಂಜನಾಬಾಯಿ ಎಂದು!"

ಬಿಷಪ್ಪರು ನನ್ನ ಕಡೆ ತಿರುಗಿದರು. "ಎಂಥ ಕೆಲಸ ಮಾಡಿದೆಪಾ ನರಸಿಂಗ," ಅಂದರು. "ಆಕಿ ಕಂಬಳಿ ಮ್ಯಾಲ ಮಾತ ಕೊಟ್ಟಾಳ. ನಂದು ಆರು ತಿಂಗಳ ಮಾತು. ಆಕಿದು ಜಲ್ಮದ್ದು."

ಅಷ್ಟರಲ್ಲಿ ಹಾವಲ್ದಾರ ಓಣಿಯ ಕಡೆ ಹೊರಟಾಗಿತ್ತು. ನನಗೆ ನನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕೆನಿಸಿತು.

ಮೊದಲು ಬಂದದ್ದು ಕುರಿಗಳು. ಮೇಯಲು ಹೊರಟಿದ್ದ ಹಿಂಡನ್ನು ಬಿಟ್ಟು ಬರಲಾಗುವುದಿಲ್ಲವಲ್ಲ, ನೂರು ಕುರಿ ನಾಕಾದ ಅಂಗಳ ತುಂಬಿ ಸಿಪಾಯಿಗಳ ಚೀಲಗಳನ್ನು ಮೂಸತೊಡಗಿದವು. ಹಿಂದಿನಿಂದ ಧೊಂಡಿಬಾ, ಓಣಿಯ ಹಿರಿಯ ಹಾವಗೆಪ್ಪ, ಅರ್ಧ ಓಣಿಯ ಜನ. ಎಲ್ಲರ ಕೊನೆಗೆ, ತಕಲಿಯಲ್ಲಿ ಉಣ್ಣೆ ನೂಲುತ್ತಲೇ ನಡೆದು ಬಂದ ಅಂಜನಾಬಾಯಿ. ಬಂದವಳು ದೂರದ ಬೇವಿನ ಬುಡದಲ್ಲಿ ನಿಂತಳು.

ಕ್ಯಾಪ್ಟನ್ ಧೊಂಡಿಬಾನನ್ನು ಕರೆದ. "ಇವರು ಯಾರು?"

ಧೊಂಡಿಬಾ ನಲವತ್ತು ದಾಟಿದವನು, ಮೀಸೆ ನೆರೆತಿತ್ತು. ಬಿಷಪ್ಪರನ್ನು ನೋಡಿದ, ತಾಯಿಯನ್ನು ನೋಡಿದ, ಬಳಿಕ ಒಂದು ಕುರಿಯನ್ನು ನೋಡುತ್ತಾ, "ಬಂದವರ್ರಿ ಸಾಹೇಬ್ರ," ಅಂದ.

"ಎಲ್ಲಿಂದ ಬಂದವರು?"

"ಇಲ್ಲಿಂದೇ ರಿ."

"ಇಲ್ಲಿಂದ ಇಲ್ಲಿಗೆ ಬಂದರೇ?"

"ನಡುವ ಕಲಕತ್ತಾಕ್ಕ ಹೋಗಿದ್ದರ್ರಿ."

"ನಿನ್ನ ಅಣ್ಣನೋ ಅಲ್ಲವೋ, ಅದನ್ನು ಹೇಳು!"

"ಅವ್ವ ಹೇಳ್ದಂಗ ರಿ."

ಕ್ಯಾಪ್ಟನ್ ಹಣೆ ಒತ್ತಿಕೊಂಡು ಹಾವಗೆಪ್ಪನ ಕಡೆ ತಿರುಗಿದ. ಹಾವಗೆಪ್ಪ ಎಂಬತ್ತರ ಮುದುಕ, ಮಾತಿಗೆ ಮೊದಲು ಗಂಟಲು ಸರಿ ಮಾಡಿಕೊಳ್ಳುವ ಜಾತಿ.

"ಸಾಹೇಬ್ರ, ಆಕಿ ಹಡದದ್ದು ಇಬ್ಬರಿಗಿ. ಆಕಿಗಿ ಇರೋದು ಒಬ್ಬವ."

"ಇನ್ನೊಬ್ಬ ಸತ್ತನೇ?"

"ಛೇ ಛೇ, ಎಂಥ ಅಪಶಕುನ ನುಡೀತೀರಿ! ಗಟ್ಟಿಮುಟ್ಟ ಹಾನ. ದೇವರು ನೂರು ವರ್ಷ ಇಡಲಿ."

"ಹಾಗಾದರೆ ಎಲ್ಲಿದ್ದಾನೆ?"

ಹಾವಗೆಪ್ಪ ಬಿಷಪ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, "ಅದು ಹೇಳಲಿಕ್ಕ ಬರಂಗಿಲ್ರಿ," ಅಂದ.

ಸುತ್ತ ನಿಂತ ಅರವತ್ತು ಜನಕ್ಕೂ ಅವರು ಬಕ್ಕಪ್ಪ ಎಂದು ಗೊತ್ತಿತ್ತು. ಅರ್ಧ ಜನ ಅವರ ಜೊತೆ ಕುರಿ ಕಾದವರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಸುಳ್ಳು ಹೇಳಲೂ ಅವರಿಗೆ ಮನಸ್ಸಿಲ್ಲ, ಕಂಬಳಿಯ ಮಾತು ಮೀರಲೂ ಧೈರ್ಯವಿಲ್ಲ. ಈ ಪೇಚಿನಲ್ಲಿ ಇಡೀ ಓಣಿ ಕ್ಯಾಪ್ಟನ್ನನ ಎದುರು ಅತ್ಯಂತ ಅನುಮಾನಾಸ್ಪದವಾಗಿ ಕಾಣಿಸುತ್ತಿತ್ತು. ಊರೇ ಸೇರಿ ಯಾರನ್ನೋ ಬಚ್ಚಿಡುತ್ತಿದೆ ಎಂದು ಅವನು ತಿಳಿದಿದ್ದರೆ ಅದು ಅವನ ತಪ್ಪಲ್ಲ.

"ಸಾಕು," ಅಂದ ಅವನು; ಕಂಬಳಿಯ ಸಂಗತಿಯನ್ನು ಓಣಿಗೆ ಹೋಗಿಬಂದ ಹಾವಲ್ದಾರ ಅವನ ಕಿವಿಗೆ ಹಾಕಿದ್ದ. "ನಿಮ್ಮಲ್ಲಿ ಕಂಬಳಿಯ ಮೇಲೆ ಕೂತರೆ ಸುಳ್ಳು ಹೇಳುವುದಿಲ್ಲವಂತಲ್ಲ? ಹಾಸಿರಿ ಕಂಬಳಿ. ಆ ಅಜ್ಜಿ ಕೂತು ಹೇಳಲಿ. ಮಗನಾದರೆ ಬಿಡುತ್ತೇನೆ. ಅಲ್ಲವಾದರೆ ಟ್ರಕ್ಕು ಹತ್ತಿಸುತ್ತೇನೆ."

ಹಾವಗೆಪ್ಪನ ಮುಖ ಬಿಳಿಚಿತು. ಧೊಂಡಿಬಾ ತನ್ನ ಹೆಗಲ ಕಂಬಳಿಯನ್ನು ಹಾಸಿದ. ಹಾವಗೆಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದ.

ಅಂಜನಾಬಾಯಿ ತಕಲಿಯನ್ನು ಸೆರಗಿಗೆ ಸಿಕ್ಕಿಸಿ ಮುಂದೆ ಬಂದಳು. ಮುಖ ಕಲ್ಲಾಗಿತ್ತು. ಮಗ ಎಂದರೆ ಇಪ್ಪತ್ತೊಂಬತ್ತು ವರ್ಷದ ಮಾತು ಸುಳ್ಳಾಗುತ್ತದೆ. ಮಗನಲ್ಲ ಎಂದರೆ ಮಗ ಟ್ರಕ್ಕು ಹತ್ತುತ್ತಾನೆ. ಅರವತ್ತೆಂಟು ವರ್ಷದ ಮುದುಕಿ ಆ ಕರಿ ಕಂಬಳಿಯ ಅಂಚಿಗೆ ಬಂದು ನಿಂತಳು, ಕಾಲು ಎತ್ತಲಿಲ್ಲ. ಆಕೆಯ ಕೆಳತುಟಿ ಅದುರಿದ್ದನ್ನು ನಾನು ನೋಡಿದೆ.

ಬಿಷಪ್ಪರೂ ನೋಡಿದರು.

"ಬ್ಯಾಡ!" ಎಂದು ಗುಡುಗಿದರು. ಕುರಿಗಳೂ ಬೆಚ್ಚಿದವು. "ಸಾಹೇಬ್ರ, ಆ ಮುದಕಿಗಿ ತ್ರಾಸ ಕೊಡಬ್ಯಾಡ್ರಿ. ನನ್ನ ಕಾರಕೂನಗ ಗೊತ್ತಿಲ್ಲ, ಏನೋ ಬಡಬಡಿಸ್ಯಾನ. ಈಕಿ ನನ್ನ ತಾಯಿ ಅಲ್ಲ."

ಒಂದು ಸುಳ್ಳನ್ನೂ ಆಡದ ಮನುಷ್ಯ. ನನ್ನ ಕಾಗದಗಳಲ್ಲಿ 'ಸುಮಾರು' ಎಂಬ ಪದವನ್ನೂ ತಿದ್ದುತ್ತಿದ್ದವರು. ನಿಲುವಂಗಿ ತೊಟ್ಟು, ಶಿಲುಬೆ ಹಾಕಿಕೊಂಡು, ಫೌಜಿನ ಎದುರು ಹಸಿ ಸುಳ್ಳು ಹೇಳಿದರು. ನನ್ನ ಕಣ್ಣಲ್ಲಿ ಅವತ್ತಿನಷ್ಟು ದೊಡ್ಡವರಾಗಿ ಅವರು ಮತ್ತೆಂದೂ ಕಂಡಿಲ್ಲ.

"ಏನಂದಿ?"

ಅಂಜನಾಬಾಯಿಯ ದನಿ. ಅದು ಧೊಂಡಿಬಾನಿಗಲ್ಲ, ನಾಯಿಗಲ್ಲ. ನೇರ ಬಿಷಪ್ಪರಿಗೆ.

"ಏನಂದಿ? ಮತ್ತೊಮ್ಮಿ ಅನ್ನು! ನೀ ನನ್ನ ಮಗ ಅಲ್ಲ ಅಂತ ನಾ ಅಂದೀನಿ. ಅನ್ನತೀನಿ! ಹಡದೀನಿ, ಅನ್ನಲಿಕ್ಕ ನನಗ ಹಕ್ಕದ. ನಾ ನಿನ್ನ ತಾಯಿ ಅಲ್ಲ ಅನ್ನಲಿಕ್ಕ ನೀ ಯಾರಲೇ? ಒಂಬತ್ತು ತಿಂಗಳ ನೀ ಹೊತ್ತಿದ್ದೇನು?"

"ಅವ್ವಾ, ಸುಮ್ಮನಿರು—"

"ಏನ್ ಸುಮ್ಮನಿರೋದು? ಮೈಲಾರ ಹಾದಿಮ್ಯಾಲ, ಹಿಂಡು ನಡದಾಗ, ಚಳ್ಯಾಗ, ಜಾಲಿ ಗಿಡದ ಬುಡಕ ಹಡದೀನಿ ನಿನಗ! ಸೂಲಗಿತ್ತಿ ಇದ್ದಿಲ್ಲ. ಕುರಿ ಉಣ್ಣಿ ಕತ್ತರಸೋ ಕತ್ತರೀಲೆ ಹೊಕ್ಕಳ ಹುರಿ ಕತ್ತರಸೀನಿ. ಹೊದ್ದ ಕಂಬಳ್ಯಾಗ ಸುತ್ತಿ ಮತ್ತ ಮೂರು ಹರದಾರಿ ನಡದೀನಿ. ನಿನ್ನ ತಾಯಿ ಅಲ್ಲಂತ! ಈ ಬಿಳಿ ಲಂಗಾ ಹಾಕ್ಕೊಂಡು ಮಂದ್ಯಾಗ ಹೇಳ್ತಿ! ಇದೇ ಏನು ನಿನ್ನ ದೇವರು ಕಲಿಸಿದ್ದು?"

ಅಷ್ಟಕ್ಕೇ ನಿಲ್ಲಲಿಲ್ಲ. ಗಾಡಿಯ ಗೂಟದಿಂದ ಬಿಷಪ್ ಕೋಲನ್ನು ಕಿತ್ತುಕೊಂಡಳು. ನಮ್ಮ ಪ್ರಾಂತದ ಅಧಿಕಾರದ ಲಾಂಛನ, ಆರಾಧನೆಯಲ್ಲಿ ನಾನು ಕೈಗವಸು ಹಾಕಿಕೊಂಡು ಮುಟ್ಟುತ್ತಿದ್ದ ಕೋಲು. ಅದರ ಬೆಳ್ಳಿಯ ಕೊಕ್ಕೆಯನ್ನು, ತಪ್ಪಿಸಿಕೊಳ್ಳುವ ಟಗರಿನ ಕಾಲಿಗೆ ಹಾಕುವ ಹಾಗೆ, ಬಿಷಪ್ಪರ ಕಣಕಾಲಿಗೆ ಹಾಕಿ ಎಳೆದಳು. ಆರಡಿಯ ಬಿಷಪ್ಪರು ಅಂಗಳದ ಹಿಕ್ಕೆಯ ಮೇಲೆ ದೊಪ್ಪನೆ ಕೂತರು. ಆಕೆ ಕೋಲನ್ನು ತಿರುಗಿಸಿ ಬೆನ್ನಿಗೆರಡು ಬಿಟ್ಟಳು. ಮೂರನೆಯದಕ್ಕೆ ನಾನು ಅಡ್ಡ ಹೋದೆ, ಅದು ನನಗೆ ಬಿತ್ತು.

ಕ್ಯಾಪ್ಟನ್ ಮೊದಲು ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ತಡೆಯಲಾಗದೆ ಕುರ್ಚಿಯಲ್ಲಿ ಬಗ್ಗಿ ನಕ್ಕ. ಒಂದು ವಾರದ ದಣಿವೆಲ್ಲ ಆ ನಗೆಯಲ್ಲಿ ಹೊರಬಂತೇನೋ, ಕಣ್ಣೊರೆಸಿಕೊಳ್ಳುವಷ್ಟು ನಕ್ಕ. "ಸಾಕು ಆಯೀ, ಸಾಕು. ನನ್ನ ತಾಯಿಯೂ ಹೀಗೆಯೇ ಹೊಡೆಯುತ್ತಾಳೆ. ಕಂಬಳಿ ಗಿಂಬಳಿ ಬೇಕಾಗಿಲ್ಲ." ಅಲ್ಲೇ ಒಂದು ಪಾಸು ಬರೆದ. ಬಿಷಪ್, ಕಾರ್ಯದರ್ಶಿ, ಗಾಡಿಯವ ಹುಸೇನ, ಮೂವರನ್ನೂ ಯಾರೂ ತಡೆಯಕೂಡದು ಎಂದು ಅದರಲ್ಲಿತ್ತು. ಹುಸೇನ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಎದೆಯ ಹತ್ತಿರ ಇಟ್ಟುಕೊಂಡ.

ಎಲ್ಲ ಮುಗಿಯಿತು ಎಂದುಕೊಂಡು ನಾನು ಗಾಡಿ ಹೂಡಿಸಲು ಹೊರಟೆ. ಆದರೆ ಓಣಿಯ ಜನ ಕದಲಲಿಲ್ಲ. ಹಾವಗೆಪ್ಪ ಭಂಡಾರದ ಕೈ ಹಾಗೆಯೇ ಹಿಡಿದುಕೊಂಡು ನಿಂತಿದ್ದ.

"ಅಂಜನಾಬಾಯಿ, ಮಾತು ಮುರೀತು," ಅಂದ.

ಆಕೆ ಏದುಸಿರು ಬಿಡುತ್ತಾ ಕೋಲು ಊರಿ ನಿಂತಿದ್ದಳು. "ಮುರೀತು," ಅಂದಳು. "ನನಗ ಗೊತ್ತದ. ದಂಡ ಹೇಳು."

ದಂಡ ಹಣದ್ದಲ್ಲ. ಯಾರ ಸಲುವಾಗಿ ಕಂಬಳಿಯ ಮಾತು ಮುರಿಯಿತೋ ಅವರ ಕೈಯಿಂದ, ಎಲ್ಲರೂ ನೋಡುವಂತೆ, ಮುರಿದವರು ಒಂದು ತುತ್ತು ಉಣ್ಣಬೇಕು. ಉಂಡರೆ ಮಾತು ಹೋಯಿತು, ಸಂಬಂಧ ಬಂತು. ಅದು ನಾಚಿಕೆಯ ಶಿಕ್ಷೆ. ಮಾತು ತಪ್ಪಿದವರು ಮಗುವಿನ ಹಾಗೆ ಮಂದಿಯ ನಡುವೆ ಬಾಯಿ ತೆರೆಯಬೇಕು. ಹಾಗೆ ಬಾಯಿ ತೆರೆಯಲಾರದೆ ಊರು ಬಿಟ್ಟುಹೋದ ಗಂಡಸರೂ ಇದ್ದಾರೆ ಎಂದು ಧೊಂಡಿಬಾ ನನ್ನ ಕಿವಿಯಲ್ಲಿ ಹೇಳಿದ.

ಯಾರದೋ ಬುತ್ತಿಯಿಂದ ಒಂದು ಜೋಳದ ರೊಟ್ಟಿ ಬಂತು. ಅಂಜನಾಬಾಯಿ ಕಂಬಳಿಯ ಮೇಲೆ ಕೂತಳು. ಬಿಷಪ್ಪರು ಹಿಕ್ಕೆ ಮೆತ್ತಿದ ನಿಲುವಂಗಿಯಲ್ಲೇ ಎದುರು ಮೊಳಕಾಲೂರಿದರು. ಹಾವಗೆಪ್ಪ ಅವರ ಹಣೆಗೆ ಭಂಡಾರ ಹಚ್ಚಿಬಿಟ್ಟ. ಇದು ಸಭೆಯ ಯಾವ ನಿಯಮದ ಕೆಳಗೆ ಬರುತ್ತದೆ ಎಂದು ನಾನು ಯೋಚಿಸತೊಡಗಿದೆ. ಬಿಷಪ್ಪರು ಅಂಥ ಯಾವ ಯೋಚನೆಯಲ್ಲೂ ಇರಲಿಲ್ಲ.

ಇಪ್ಪತ್ತು ವರ್ಷ ಊರೂರು ತಿರುಗಿ ಸಾವಿರಾರು ಜನರಿಗೆ ರೊಟ್ಟಿ ಮುರಿದು ಕೊಟ್ಟ ಕ್ರೈಸ್ತ ಗುರುವಿನ ಕೈ ಅದು. ಆ ದಿನ ಅದು ಜೋಳದ ರೊಟ್ಟಿಯ ಒಂದು ಚೂರು ಮುರಿಯಲು ತಡಕಾಡಿತು. ಕೊನೆಗೂ ಮುರಿದು ಮುಂದೆ ಹಿಡಿದರು. ಅಂಜನಾಬಾಯಿ ಎಲ್ಲರ ಎದುರು, ತಲೆ ತಗ್ಗಿಸದೆ, ಬಾಯಿ ತೆರೆದಳು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. ನುಂಗಿದಳು.

"ಮುಗೀತು," ಎಂದು ಹಾವಗೆಪ್ಪ ಕೈ ಝಾಡಿಸಿದ. "ದಂಡ ತೀರಿತು. ಏಳವಾ ಇನ್ನ."

ಅಂಜನಾಬಾಯಿ ಏಳಲಿಲ್ಲ.

"ಎಲ್ಲಿ ಮುಗೀತು?" ಅಂದಳು. ಆಕೆ ನೋಡುತ್ತಿದ್ದದ್ದು ಹಾವಗೆಪ್ಪನನ್ನಲ್ಲ, ಎದುರಿಗೆ ಕೂತ ಮಗನನ್ನು. "ದಂಡ ನಿಂದು ಹಾವಗೆಪ್ಪಾ, ಅದು ತೀರ್ಯಾದ. ಹಸಿವು ನಂದು. ಇಪ್ಪತ್ತೊಂಬತ್ತು ವರ್ಷ ಆಯ್ತು, ಈ ಹಿರಿಮಗ ಗಳಿಸಿ ತಂದು ಹಾಕಿದ್ದು ಒಂದು ತುತ್ತು ತಿಂದಿಲ್ಲ. ಏನ್ ನೋಡ್ತಿ ಬಕ್ಕ್ಯಾ? ಹಾಕು."

ಬಿಷಪ್ಪರು ಹಾಕಿದರು. ಆಕೆ ತಿಂದಳು, ಮತ್ತೆ ಬಾಯಿ ತೆರೆದಳು. ಬಿಷಪ್ಪರ ಕಣ್ಣಿನ ನೀರು ಹಣೆಯಿಂದ ಉದುರಿದ ಭಂಡಾರದ ಜೊತೆ ಸೇರಿ ಗಡ್ಡ ಹಳದಿಯಾಗಿತ್ತು. ಕ್ಯಾಪ್ಟನ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ನಾನು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತೆ. ರೊಟ್ಟಿ ಮುಗಿಯುತ್ತ ಬಂದಿತ್ತು, ಆಕೆ ಇನ್ನೂ ಬಾಯಿ ತೆರೆಯುತ್ತಲೇ ಇದ್ದಳು. ಎರಡನೆಯ ರೊಟ್ಟಿ ತರಲು ಧೊಂಡಿಬಾ ಮನೆಯ ಕಡೆ ಓಡಿದ.